ತೊಟ್ಟಿಲ ದಿನದ ರೊಟ್ಟಿ

ರಾಯಚೂರಿಗೆ ನಾನು ವಾಪಸು ಬಂದದ್ದು ಒಂದೇ ಒಂದು ಕೆಲಸಕ್ಕೆ. ನನ್ನ ತಮ್ಮನಿಗೆ ಹುಟ್ಟಲಿದ್ದ ಎರಡನೆಯ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೆ. ಹೀಗೆಂದರೆ ಜನ ನಗುತ್ತಾರೆ. ಹತ್ತು ಹನ್ನೆರಡು ವರ್ಷ ಕಾಶಿ, ಗಯಾ, ಪುರಿ, ರಾಮೇಶ್ವರ, ದ್ವಾರಕೆ ಎಂದು ದೇಶ ಸುತ್ತಿದವಳು, ಕೈಯಲ್ಲಿದ್ದ ಕೆಲಸ ಬಿಟ್ಟು ಇಷ್ಟಕ್ಕೇ ಬಂದಳೇ ಅನ್ನುತ್ತಾರೆ. ಇಷ್ಟಕ್ಕೇ ಬಂದೆ. ಇದನ್ನು ಸಣ್ಣದೆಂದು ಅನ್ನುವವರಿಗೆ ಮಕ್ಕಳು ಮರಿ ಇರುತ್ತವೆ, ಅವರ ಮಾತಿಗೆ ನಾನೇನು ಹೇಳಲಿ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರು ಹೇಳುವುದು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ಅವಳು ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್‌ರ್’ ಎಂದು ಊದುತ್ತಾಳೆ, ಆಮೇಲೆ ಹೆಸರು ಹೇಳುತ್ತಾಳೆ. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಸಲಿಗೆ ಹೆಚ್ಚಿದ್ದಷ್ಟೂ ಗುದ್ದು ಜೋರು. ನಾನು ಚಿಕ್ಕವಳಿದ್ದಾಗ ನಮ್ಮ ಅತ್ತೆ ಹೀಗೆ ಗುದ್ದಿಸಿಕೊಂಡು ಎರಡು ದಿನ ಬೆನ್ನು ಹಿಡಿದುಕೊಂಡೇ ತಿರುಗಿದ್ದು ನೆನಪಿದೆ. ಯಾರಾದರೂ ಕೇಳಿದರೆ ನರಳುತ್ತಲೇ ನಗುತ್ತಿದ್ದಳು.

ಮೊದಲನೆಯ ಕೂಸು ಹುಟ್ಟಿದಾಗ ನಾನು ಗಯಾದಲ್ಲಿದ್ದೆ. ಬಸ್ಸು ಹೊರಟಾಗಿತ್ತು, ನಡುವೆ ಇಳಿದು ಬರುವಂತಿರಲಿಲ್ಲ. ಆಗ ಅವ್ವ ಇದ್ದಳು. ಫೋನಿನಲ್ಲಿ ಹೇಳಿದಳು: “ನಿನ್ನ ಬದ್ಲಿ ನಿಮ್ಮ ಚಿಕ್ಕಪ್ಪನ ಮಗಳ ಕಡಿಂದ ಹೆಸರು ಹೇಳಿಸೀವಿ. ಮುಂದಿನ ಕೂಸಿಗಿ ನೀನ ಇರಬೇಕು ನೋಡವ್ವ. ಎರಡ್ನೇ ಸಲನೂ ಬದ್ಲಿ ಮಂದಿ ಅಂದ್ರ ಚಂದ ಅನ್ಸಂಗಿಲ್ಲ.” ಆ ಮಾತು ಹೇಳಿದ ಎರಡು ವರ್ಷಕ್ಕೆ ಅವ್ವ ತೀರಿಕೊಂಡಳು. ಮಾತು ಮಾತ್ರ ನನ್ನ ಜೊತೆ ಬಸ್ಸಿನಲ್ಲಿ ಊರೂರು ತಿರುಗಿತು.

ನಾನು ಯಾರು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮದು ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ. ಅಪ್ಪ ವರ್ಷದಲ್ಲಿ ಅರ್ಧ ಕಾಲ ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಆಚೆ ತೆಲಂಗಾಣದ ಹೊಲಗಳಲ್ಲಿ ಇರುತ್ತಿದ್ದ. ಅಷ್ಟು ದಿನವೂ ಮನೆಯಲ್ಲಿ ಅವನ ತಾಟಿನಲ್ಲಿ ಮತ್ತೊಬ್ಬರು ಉಣ್ಣುತ್ತಿರಲಿಲ್ಲ, ಅವನು ಮಲಗುವ ಜಾಗದಲ್ಲಿ ಮತ್ತೊಬ್ಬರು ಕಂಬಳಿ ಹಾಸುತ್ತಿರಲಿಲ್ಲ. ಬಂದ ದಿನ ಅಪ್ಪ ನೇರ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂಡುತ್ತಿದ್ದ, ಅವ್ವ ತಾಟು ಇಡುತ್ತಿದ್ದಳು, ಅಲ್ಲಿಗೆ ಮುಗಿಯಿತು. ಹೋದವರ ಜಾಗ ಹೋದವರಿಗೇ ಇರುತ್ತದೆ ಎಂದು ನಾನು ಕಲಿತದ್ದು ಆ ಮನೆಯಲ್ಲಿ. ಕುರಿಯವರ ಮಕ್ಕಳಲ್ಲದೆ ಬೇರೆ ಯಾರೂ ಇಷ್ಟು ಹುಚ್ಚು ಭರವಸೆ ಇಟ್ಟುಕೊಂಡು ಬದುಕುವುದಿಲ್ಲ.

ಆಮೇಲೆ ಅಪ್ಪ ಕುರಿ ಮಾರಿ ರಾಯಚೂರು ಸೇರಿದ, ಹತ್ತಿ ಮಿಲ್ಲಿನಲ್ಲಿ ಹಮಾಲಿಗೆ ನಿಂತ. ನನ್ನನ್ನು ದೇವದುರ್ಗದವನಿಗೇ ಕೊಟ್ಟು ಮದುವೆ ಮಾಡಿದರು. ಆ ಗಂಡನ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ, ಬರೆದರೆ ಅವನಿಗೆ ಮರ್ಯಾದೆ ಕೊಟ್ಟಂತೆ. ಮೂರು ವರ್ಷಕ್ಕೆ ತಿರುಗಿ ಬಂದೆ. ರಾಯಚೂರಿನಿಂದ ಯಾತ್ರೆಯ ಬಸ್ಸು ಬಿಡುವ ಒಬ್ಬ ಸಾಹುಕಾರರಿಗೆ ರೊಟ್ಟಿ ಬಡಿಯುವವಳು ಬೇಕಾಗಿತ್ತು. ನಮ್ಮ ಮಂದಿ ಗಂಗೆಯಲ್ಲಿ ಮುಳುಗೆದ್ದು ಸ್ವರ್ಗಕ್ಕೆ ಹೋಗಲು ತಯಾರು, ಆದರೆ ಜೋಳದ ರೊಟ್ಟಿ ಇಲ್ಲದೆ ಬಸ್ಸು ಹತ್ತಲು ತಯಾರಿಲ್ಲ. ಹಾಗೆ ಹೋದವಳು ಹೋಗುತ್ತಲೇ ಇದ್ದೆ. ಅವ್ವ ಇರುವವರೆಗೆ ಒಂದು ಯಾತ್ರೆ ಮುಗಿಸಿ ಬಂದರೆ ನಾಲ್ಕು ದಿನ ಮನೆ, ಮತ್ತೆ ಬಸ್ಸು; ಅವಳು ಹೋದ ಮೇಲೆ ಮನೆಗೆ ಬಂದದ್ದೇ ಅಪರೂಪ.

ರೊಟ್ಟಿ ಬಡಿಯುವವಳಿಗೆ ಬರವಣಿಗೆ ಎಲ್ಲಿಂದ ಬಂತು ಎಂದು ಹುಬ್ಬೇರಿಸುವವರಿಗೂ ಒಂದು ಮಾತು. ಹೈಸ್ಕೂಲು ಮುಗಿಸಿದವಳು ನಾನು. ಬಸ್ಸಿನ ಹಿಂದಿನ ಸೀಟಿನಲ್ಲಿ ಹಿಟ್ಟಿನ ಚೀಲಗಳ ನಡುವೆ ಕೂತು, ಯಾತ್ರಿಕರು ಓದಿ ಬಿಟ್ಟುಹೋದದ್ದನ್ನೆಲ್ಲ ಓದಿದ್ದೇನೆ. ಅವರು ದೇವರನ್ನು ನೋಡಲು ಸಾಲಿನಲ್ಲಿ ನಿಂತಾಗ ನನಗೆ ಓದಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ದೇಶ ನೋಡಿದೆನೇ ಎಂದರೆ, ಧರ್ಮಶಾಲೆಗಳ ಹಿತ್ತಿಲುಗಳನ್ನು ನೋಡಿದೆ. ಯಾವ ಊರಿನ ಸೌದೆ ಹೊಗೆ ಹೆಚ್ಚು ಬಿಡುತ್ತದೆ, ಯಾವ ಊರಿನ ನೀರಲ್ಲಿ ಹಿಟ್ಟಿಗೆ ಜಿಗಿ ಬರುವುದಿಲ್ಲ ಎಂಬುದು ಗೊತ್ತು. ಪುರಿಯಲ್ಲಿ ಒಂದು ಸಲ ಎಲ್ಲರ ಊಟ ಮುಗಿಸಿ ಸಮುದ್ರದ ದಂಡೆಗೆ ಹೋದೆ. ಮೊಳಕೈವರೆಗೂ ಹಿಟ್ಟು ಒಣಗಿತ್ತು, ಸಮುದ್ರದಲ್ಲೇ ತೊಳೆದುಕೊಂಡೆ. ಪಕ್ಕದಲ್ಲಿ ಒಬ್ಬ ತಾಯಿ ತನ್ನ ಕೂಸಿನ ಪಾದಕ್ಕೆ ನೀರು ಮುಟ್ಟಿಸಿ ನಗಿಸುತ್ತಿದ್ದಳು. ನೋಡುತ್ತ ನಿಂತವಳಿಗೆ ಅವ್ವನ ಮಾತು ನೆನಪಾಯಿತು. ಆ ವರ್ಷವೇ ತಮ್ಮ ಫೋನು ಮಾಡಿ ಹೆಂಡತಿ ಮತ್ತೆ ಬಸುರಿ ಎಂದ. “ಈ ಸಲ ನೀ ಇರಬೇಕಕ್ಕಾ,” ಎಂದ. ಅವನೇ ಎಂದ, ನಾನು ಅವನ ಬಾಯಿಂದ ಹೊರಡಿಸಿದ್ದಲ್ಲ. ನಾನು ಸಾಹುಕಾರರಿಗೆ ಮುಂದಿನ ಯಾತ್ರೆಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿದೆ. ಇನ್ನು ಬರುವುದಿಲ್ಲ ಎಂದೂ ಹೇಳಿದೆ.

ಊರಿಗೆ ಬಂದು ಇಳಿದಾಗ ನಡು ಬೇಸಿಗೆ. ರಾಯಚೂರಿನ ಬಿಸಿಲು ಬಂದವರನ್ನು ಮಾತಾಡಿಸುವುದಿಲ್ಲ, ನೆತ್ತಿಗೇ ಕೈ ಹಾಕುತ್ತದೆ. ಗುರುತು ಸಿಗದ್ದು ಏನೂ ಇರಲಿಲ್ಲ. ಸ್ಟೇಷನ್ ರಸ್ತೆಯ ಧೂಳು ಅದೇ, ತೀನ್ ಕಂದೀಲ್ ಸರ್ಕಲ್ಲಿನಲ್ಲಿ ಆಟೋಗಳು ಅಡ್ಡಾದಿಡ್ಡಿ ನಿಲ್ಲುವುದೂ ಅದೇ, ಮಾವಿನಕೆರೆಯ ವಾಸನೆ ಸ್ವಲ್ಪ ಹೆಚ್ಚಾಗಿತ್ತು. ಇಷ್ಟೆಲ್ಲ ಗುರುತಿರುವ ಊರಿನಲ್ಲಿ ಹೊಂದಿಕೊಳ್ಳಲು ಏನು ಕಷ್ಟ ಎಂದುಕೊಂಡೆ. ತಮ್ಮನ ಮನೆ ಕೆರೆಯ ಹಿಂದಿನ ಓಣಿಯಲ್ಲಿ. ಅಪ್ಪ ಕಟ್ಟಿದ ಎರಡು ಕೋಣೆಯ ಮೇಲೆ ತಮ್ಮ ಇನ್ನೆರಡು ಏರಿಸಿದ್ದಾನೆ, ಅವನು ಕರೆಂಟಿನ ಕೆಲಸದವನು.

ತಮ್ಮನ ಹೆಂಡತಿ ಮಾನ್ವಿ ತಾಲೂಕಿನ ಕುರ್ಡಿಯವಳು. ಕೆಟ್ಟವಳೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ನಾನು ಬಾಗಿಲಲ್ಲಿ ನಿಂತಾಗ ತುಂಬು ಬಸುರಿ ಓಡಿಬಂದು, “ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಕುರ್ಚಿ ಹಾಕಿದಳು. ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟಳು. ಒಂದು ವಾರವಾದರೂ ಅದೇ ಕುರ್ಚಿ, ಅದೇ ಕಪ್ಪು. ಮನೆಯವರು ಸ್ಟೀಲಿನ ಲೋಟದಲ್ಲಿ ಕುಡಿಯುತ್ತಿದ್ದರು. ನೀರು ಬಿಡುವ ದಿನ ನಾನು ಕೊಡ ತೆಗೆದುಕೊಂಡು ನಳದ ಕಡೆ ಹೊರಟರೆ, “ಅಯ್ಯ ನೀವ್ಯಾಕ್ರಿ ಅಕ್ಕಾರ, ಇಡ್ರಿ,” ಎಂದು ಕೈಯಿಂದ ಕಸಿದುಕೊಂಡಳು. ಹೊಟ್ಟೆ ಇಷ್ಟು ಮುಂದೆ ಬಂದವಳು ಕೊಡ ಹೊತ್ತು ಹೋದಳು, ನಾನು ಕುರ್ಚಿಯಲ್ಲಿ ಕೂತೆ. ನನಗೆ ಸಿಟ್ಟು ಬಂತು. ನಮ್ಮಲ್ಲಿ ಕೂಡುವವರು ಬೀಗರು, ದುಡಿಯುವವರು ಮನೆಯವರು. ಇದು ಅವಳಿಗೂ ಗೊತ್ತಿತ್ತು.

ಓಣಿಯ ಹೆಂಗಸರು ಬಂದು ನನ್ನ ಕಾಲು ಮುಟ್ಟಿದರು. ನನಗಿಂತ ಹಿರಿಯರೂ ಮುಟ್ಟಿದರು. “ನಿಮ್ಮಷ್ಟು ಪುಣ್ಯ ಯಾರಿಗದ್ರಿ, ಅಷ್ಟ್ ಸಲ ಕಾಶಿ ಮಾಡೀರಿ,” ಅಂದರು. ಕಾಶಿಯಲ್ಲಿ ನಾನು ವಿಶ್ವನಾಥನಿಗಿಂತ ಹೆಚ್ಚು ನೋಡಿದ್ದು ಹಂಚನ್ನು ಎಂದು ಹೇಳಿದರೆ ತಮಾಷೆ ಎಂದುಕೊಂಡು ನಕ್ಕರು. ಕಾಲು ಮುಟ್ಟಿದವರು ಯಾರೂ ಪಕ್ಕದಲ್ಲಿ ಕೂತು ಹರಟೆ ಹೊಡೆಯಲಿಲ್ಲ. ಮುಟ್ಟಿದರು, ಹೋದರು.

ಇನ್ನು ಚಿಕ್ಕಪ್ಪನ ಮಗಳ ವಿಷಯ. ನನಗಿಂತ ಏಳೆಂಟು ವರ್ಷ ಚಿಕ್ಕವಳು, ಇದೇ ಊರಿನಲ್ಲಿ ಸ್ವಲ್ಪ ದೂರದ ಬಡಾವಣೆಯಲ್ಲಿ ಮನೆ, ಗಂಡ ಶಾಲೆಯ ಮೇಷ್ಟ್ರು. ಅವಳು ಸ್ಕೂಟಿ ನಿಲ್ಲಿಸಿ ನೇರ ಅಡುಗೆಮನೆಗೆ ಹೋಗುತ್ತಿದ್ದಳು. ಡಬ್ಬಿ ತೆಗೆದು ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. “ಸಕ್ಕರಿ ಮುಗಿದದ ನೋಡು, ಹೇಳ್ಬಾರದೇನ್ ಬೇ,” ಎಂದು ನನ್ನ ತಮ್ಮನ ಹೆಂಡತಿಯನ್ನು ಗದರುತ್ತಿದ್ದಳು. ಆ ಗದರುವಿಕೆ ಕೇಳಿ ನನ್ನ ಹೊಟ್ಟೆ ಉರಿಯಿತು. ಅಡುಗೆಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಡಾಕ್ಟರ ಬಳಿ ಕರೆದೊಯ್ದವಳು ಅವಳು, ಬಸುರಿ ಬಯಸಿದ್ದನ್ನು ಮಾಡಿ ತಂದವಳು ಅವಳು, ದೊಡ್ಡ ಹುಡುಗನನ್ನು ಶಾಲೆಗೆ ಸೇರಿಸಿದವಳೂ ಅವಳೇ. ಮೈಗಳ್ಳಿಯೋ ಚಾಡಿಕೋರಳೋ ಆಗಿದ್ದರೆ ನನಗೆ ಬಹಳ ಉಪಕಾರವಾಗುತ್ತಿತ್ತು. ಒಳ್ಳೆಯವಳನ್ನು ದ್ವೇಷಿಸುವುದು ಕಷ್ಟದ ಕೆಲಸ, ನಾನು ಅದನ್ನು ಚೆನ್ನಾಗಿಯೇ ಮಾಡಿದೆ.

ಕೂಸು ಹೆಣ್ಣು. ಆಸ್ಪತ್ರೆಯಲ್ಲಿ ನನ್ನ ಕೈಗೆ ಕೊಟ್ಟಾಗ ಅದರ ಹಣೆ ಥೇಟು ನಮ್ಮ ಅವ್ವನದೇ ಇತ್ತು. ಇದನ್ನು ಎಲ್ಲರೂ ಒಪ್ಪಿದರು. ಮನೆಗೆ ಬಂದ ಮೇಲೆ ತಮ್ಮನಿಗೆ ಹೇಳಿದೆ, “ಅವ್ವನ ಹೆಸರ ಇಡೂಣಪ್ಪಾ. ನಾ ಕಿವ್ಯಾಗ ಅದನ್ನ ಹೇಳ್ತೀನಿ.” ಅವನು ಸ್ಕ್ರೂಡ್ರೈವರಿನಿಂದ ಉಗುರಿನ ಸಂದಿಯ ಕೊಳೆ ತೆಗೆಯುತ್ತ, “ನೋಡೂಣಕ್ಕಾ,” ಎಂದ. ನೋಡೋಣ ಎಂದರೆ ನಮ್ಮ ಮನೆಯಲ್ಲಿ ಹೂಂ ಎಂದೇ ಅರ್ಥವಿತ್ತು, ಅಪ್ಪ ಇದ್ದಾಗ. ಹೆಸರು ಬೇರೆಯಾದರೂ ಆಗಲಿ ಎಂದು ಮನಸ್ಸಿನಲ್ಲಿ ಆಗಲೇ ರಾಜಿಯಾಗಿದ್ದೆ. ಹೇಳುವವಳು ನಾನಾದರೆ ಸಾಕಿತ್ತು.

ತೊಟ್ಟಿಲಿಗೆ ದಿನ ಗೊತ್ತಾದ ಮೇಲೆ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತಳು. ಕೂಸು ಮಡಿಲಲ್ಲಿತ್ತು.

“ಅಕ್ಕಾರ, ನಿಮಗೊಂದ್ ಕೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ ಮತ್ತ.”

“ಕೇಳವ್ವ.”

“ಅಡಗಿ ಮಾಡಾವ್ರು ಬರಾಕತ್ತಾರ, ಆದ್ರ ರೊಟ್ಟಿ ಅವ್ರ ಕೈಲೆ ಆಗಂಗಿಲ್ರಿ. ನಮ್ಮ ಕುರ್ಡಿ ಮಂದಿಗಿ ರೊಟ್ಟಿ ಬಿಸಿ ಬಿಸಿ ಬೇಕು. ನಿಮ್ಮ ಕೈ ರೊಟ್ಟಿ ಅಂದ್ರ…”

ಅವಳು ಮಾತು ಮುಗಿಸುವ ಮೊದಲೇ ನಾನು ಆಗಲಿ ಎಂದೆ. ಆಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಕೊನೆಗೂ ಕುರ್ಚಿಯಿಂದ ಎಬ್ಬಿಸಿದಳು, ಕೊನೆಗೂ ಮನೆಯವಳನ್ನು ಮಾಡಿಕೊಂಡಳು ಎಂದುಕೊಂಡೆ. ಮರುದಿನವೇ ಕಾಳಿನ ಪೇಟೆ ಗಂಜ್‌ಗೆ ಹೋಗಿ ಜೋಳ ನೋಡಿದೆ. ಅಂಗಡಿಯವನು ತೋರಿಸಿದ ಎರಡು ಚೀಲ ಬೇಡವೆಂದು, ಹಲ್ಲಲ್ಲಿ ಕಡಿದು ನೋಡಿ ಮೂರನೆಯದನ್ನು ಆರಿಸಿದೆ. ಗಿರಣಿಯಲ್ಲಿ ನಿಂತು ಬೀಸಿಸಿದೆ, ಬಿಸಿ ಹಿಟ್ಟನ್ನು ಹರಡಿ ಆರಿಸಿ ಸೋಸಿದೆ. ಹಿತ್ತಿಲಲ್ಲಿ ಕಲ್ಲಿಟ್ಟು ಒಲೆ ಹೂಡಿ ಮಣ್ಣು ಮೆತ್ತಿದೆ. ಅಂದು ಸಂಜೆ ತಮ್ಮನ ಹೆಂಡತಿ ನನಗೂ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು, ಹೊಗೆ ಎಂದೆ.

ತೊಟ್ಟಿಲ ದಿನ ಬೆಳಿಗ್ಗೆ ತಮ್ಮನಿಗೆ ಹೇಳಿಟ್ಟೆ. “ಕೂಸಿನ ತೊಟ್ಟಿಲದಾಗ ಹಾಕೂ ಮುಂದ ನನ್ನ ಕರಿ. ಕೈ ತೊಳಕೊಂಡು ಸೀರಿ ಬದಲಿ ಮಾಡಾಕ ಜರಾ ಹೊತ್ತು ಬೇಕು.” ಅವನು ಬಾಗಿಲಿಗೆ ಬಲ್ಬಿನ ಸರ ಕಟ್ಟುತ್ತಿದ್ದ. “ಹೂಂ ಅಕ್ಕಾ, ಕರಿತೀನಿ,” ಎಂದ. ಉಡಬೇಕಾದ ಹಸಿರು ಸೀರೆಯನ್ನು ಹಿತ್ತಿಲ ಬಾಗಿಲ ಹಿಂದಿನ ಗೂಟಕ್ಕೆ ಹಾಕಿ ಒಲೆಯ ಮುಂದೆ ಕೂತೆ.

ಕುರ್ಡಿಯ ಮಂದಿ ಎರಡು ಗಾಡಿ ತುಂಬ ಬಂದರು. ಮುಂಚಿತವಾಗಿ ಬಂದವರಿಗೆ ಮುಂಚಿತವಾಗಿಯೇ ಹಸಿವು. ಮೊದಲ ಸಾಲು ಊಟಕ್ಕೆ ಕೂತಿತು. ಜೋಳದ ರೊಟ್ಟಿಯನ್ನು ಬೇಯಿಸಿ ಇಟ್ಟರೆ ಅದರ ಗತಿ ಕೆಟ್ಟಿತು, ಹಂಚಿನಿಂದ ತಾಟಿಗೆ ಹೋಗಬೇಕು. ಹಿಟ್ಟಿಗೆ ಎಸರು ಹಾಕಿ ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಮೇಲೆ ನೀರು ಸವರುವುದು, ತಿರುವಿ ಹಾಕುವುದು, ಉಬ್ಬಿದ ಕೂಡಲೇ ಎತ್ತಿ ಕೊಡುವುದು. ಒಂದು ಹಂಚಿನ ಮೇಲೆ ಬೇಯುವಾಗ ಇನ್ನೊಂದು ಕೈಯಡಿ ತಿರುಗುತ್ತಿರಬೇಕು. ನಡುವೆ ಏಳುವ ಮಾತೇ ಇಲ್ಲ. ಒಳಗಿನಿಂದ ಯಾರೋ ಖಾಲಿ ಬುಟ್ಟಿ ತಂದು ಇಡುತ್ತಿದ್ದರು, ತುಂಬಿದ ಬುಟ್ಟಿ ಒಯ್ಯುತ್ತಿದ್ದರು. ಎರಡು ಸಲ ಕೇಳಿದೆ, ತೊಟ್ಟಿಲು ಕಟ್ಟಿದರೇ ಎಂದು. ಇನ್ನೂ ಹೊತ್ತದ ಎಂದರು.

ಮೂರನೆಯ ಸಲ ಕೇಳುವ ಮೊದಲೇ ಒಳಗೆ ಹೆಂಗಸರ ನಗೆ ಎದ್ದಿತು. ಜೋಗುಳ ಶುರುವಾಗಿರಲಿಲ್ಲ, ಹಾಗಾಗಿ ಯಾರದೋ ಚೇಷ್ಟೆ ಎಂದುಕೊಂಡು ರೊಟ್ಟಿ ತಿರುವಿದೆ. ಆಮೇಲೆ ಒಮ್ಮೆಲೇ ಎಲ್ಲರೂ ಸುಮ್ಮನಾದರು. ‘ಕುರ್‌ರ್’ ಎಂಬುದು ಹಿತ್ತಿಲಿನವರೆಗೂ ಕೇಳಿಸಿತು. ಬೆನ್ನಿಗೆ ಗುದ್ದು ಬೀಳುವ ಸದ್ದು, ಚಿಕ್ಕಪ್ಪನ ಮಗಳ ಕೂಗು: “ಅಯ್ಯಯ್ಯಯ್ಯೋ, ಸಾಯಸ್ತೀರೇನ್ರೇ ನನ್ನ.” ಮತ್ತೆ ನಗೆ. ನನ್ನ ಕೈಯಡಿಯ ರೊಟ್ಟಿ ನಡುವೆ ಹರಿಯಿತು. ಎಷ್ಟೋ ವರ್ಷಗಳಿಂದ ಹಾಗೆ ಹರಿದಿರಲಿಲ್ಲ. ಮುದುರಿ ಮತ್ತೆ ನಾದಿದೆ.

ಕೂಸಿಗೆ ಏನು ಹೆಸರಿಟ್ಟರು ಎಂಬುದು ನನಗೆ ತಿಳಿದದ್ದು ಬಿಸಿ ರೊಟ್ಟಿ ಬೇಕೆಂದು ಹಿತ್ತಿಲಿಗೆ ಬಂದ ಕುರ್ಡಿಯ ಮುದುಕಿಯೊಬ್ಬಳಿಂದ. ಅವಳಿಗೂ ಆ ಹೆಸರು ಸರಿಯಾಗಿ ಬಾಯಿಗೆ ಬರಲಿಲ್ಲ. ಈಗಿನ ಕಾಲದ ಎರಡಕ್ಷರದ ಹೆಸರು, ಯಾವ ಅಜ್ಜಿಯದೂ ಅಲ್ಲ, ಯಾವ ದೇವರದೂ ಅಲ್ಲ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೇಳಿದವಳು ಬೇರೆಯಾದ್ದರಿಂದ ಬರೆಯುವ ಹಕ್ಕೂ ನನ್ನದಲ್ಲ.

ಸ್ವಲ್ಪ ಹೊತ್ತಿಗೆ ತಮ್ಮ ಬಂದ. ಕೂಸನ್ನು ಎತ್ತಿಕೊಂಡು ಬಂದಿದ್ದ. ಹಣೆಗೆ ದೊಡ್ಡ ಕಾಡಿಗೆ ಬೊಟ್ಟಿಟ್ಟಿದ್ದರು.

“ಕರಿಬೇಕಂತ ಬಂದಿದ್ನಿ ಅಕ್ಕಾ, ನಿನ್ನ ಕೈ ಹಿಟ್ಟಾಗಿದ್ವು,” ಎಂದ.

“ತೊಳಕೊಂಡ್ರ ಹೋಗ್ತಿತ್ತಲ್ಲೋ, ಹಿಟ್ಟೇನು ಹುಟ್ಟಿದಾಗಿಂದ ಅಂಟಿದ್ದಾ?”

ಅವನು ಬಗ್ಗಿ ಕೂಸನ್ನು ನನ್ನ ಮುಂದೆ ಹಿಡಿದ. “ಈಗ ನೀನೂ ಒಮ್ಮಿ ಅನ್ನು. ಕಿವ್ಯಾಗ ಹೇಳು.”

ಹೊಗೆಗೆ ಕೂಸು ಮುಖ ಕಿವುಚಿತು. ಆ ಹಣೆ ನನ್ನ ಎದುರೇ ಇತ್ತು. ಬಗ್ಗಿದ್ದರೆ ಮುಗಿಯುತ್ತಿತ್ತು, ಆ ಎರಡಕ್ಷರವನ್ನಲ್ಲ, ಅವ್ವನ ಹೆಸರನ್ನೇ ಕದ್ದು ಹೇಳಿಬಿಡಬಹುದಿತ್ತು. ಆದರೆ ಸುತ್ತ ಯಾರೂ ಇರಲಿಲ್ಲ. ಕಟ್ಟಿಗೆ, ಬೂದಿ, ಎಂಜಲು ತಾಟುಗಳ ರಾಶಿ. ಭಿಕ್ಷೆ ಹಾಕಿದಂತೆ ಹಿತ್ತಿಲಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಹೆಸರು ಒಮ್ಮಿ ಇಡೂದು. ಇಟ್ಟಾತು. ಕೂಸಿಗಿ ಹೊಗಿ ಬಡೀತದ, ಒಳಗ ಒಯ್ಯಿ,” ಎಂದೆ.

ಅವನು ಹೋದ. ನಾನು ಕೊನೆಯ ಸಾಲು ಏಳುವವರೆಗೂ ರೊಟ್ಟಿ ಬಡಿದೆ. ಎದ್ದು ಹೋಗಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಉಣ್ಣುತ್ತ ಕೂತವರ ತಾಟು ಖಾಲಿ ಬಿಟ್ಟು ಎದ್ದು ಹೋಗುವುದನ್ನು ನನಗೆ ಯಾರೂ ಕಲಿಸಿಲ್ಲ. ಉಂಡವರೆಲ್ಲ ಹಿತ್ತಿಲಿಗೆ ಬಂದು ಹೊಗಳಿ ಹೋದರು. ಇಂಥ ರೊಟ್ಟಿ ಹುಟ್ಟಿ ಉಂಡಿಲ್ಲ ಎಂದರು, ಕುರ್ಡಿಗೂ ಬರ್ರಿ ಎಂದರು. ಒಬ್ಬ ಹೆಂಗಸು ನನ್ನನ್ನು ಯಾವ ಕಡೆಯ ಅಡುಗೆಯವಳೆಂದು ಕೇಳಿದಳು. ರಾಯಚೂರಿನವಳೇ ಎಂದೆ.

ಸಂಜೆ ಚಿಕ್ಕಪ್ಪನ ಮಗಳಿಗೆ ಉಡಿ ತುಂಬಿದರು. ನನಗೆ ಸೀರೆಯನ್ನು ಕೈಯಲ್ಲಿ ಕೊಟ್ಟರು. ಗಂಡನನ್ನು ಬಿಟ್ಟವಳೆಂದು ಹೀಗೆ ಮಾಡಿದರು ಎಂದು ಆಮೇಲೆ ಓಣಿಯವರು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಅದೇ ಕಾರಣವಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಜಗಳ ಮಾಡುವುದು ನನಗೆ ಗೊತ್ತು, ಅದರ ಮಾತುಗಳೆಲ್ಲ ನನ್ನ ಬಳಿ ತಯಾರಿವೆ. ಮರುದಿನ ತಮ್ಮನನ್ನು ಎದುರಿಗೆ ಕೂಡಿಸಿಕೊಂಡು ಕೇಳಿಯೇಬಿಟ್ಟೆ.

“ನೀನ ಇರಬೇಕಂತ ಫೋನಿನ್ಯಾಗ ಅಂದಾಂವ ನೀನ. ಖರೆ ಹೇಳು, ಯಾಕ ಕರಿಲಿಲ್ಲ?”

ಅವನು ಹೇಳಿದ, ಸಿಟ್ಟಿಲ್ಲದೆ ಹೇಳಿದ, ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು.

“ಅಕ್ಕಾ, ನೀ ಯಾವಾಗ ಬಸ್ ಹತ್ತತೀಯೋ ಯಾರಿಗಿ ಗೊತ್ತದ? ಕೂಸಿಗಿ ಅತ್ತಿ ಅಂದ್ರ ಊರಾಗ ಇರಬೇಕು. ಜ್ವರ ಬಂದ್ರ ಬರಬೇಕು, ಸಾಲಿಗಿ ಹೋಗೂ ಮುಂದ ಇರಬೇಕು. ಆಕಿ ಇರ್ತಾಳ.”

“ನಾ ಬಿಟ್ಟ ಬಂದೀನಲ್ಲೋ. ಸಾಹುಕಾರ್ರಿಗಿ ಹೇಳೇ ಬಂದೀನಿ.”

“ಹಂಗ ಭಾಳ ಸಲ ಅಂದೀದಿ ಅಕ್ಕಾ.”

ಹಾಗೆ ನಾನು ಬಹಳ ಸಲ ಅಂದಿರಲಿಲ್ಲ. ಎರಡು ಸಲ ಅಂದಿದ್ದೆ, ಎರಡೂ ಸಲ ಅವ್ವನ ಮುಂದೆ, ಮಂಡಿ ನೋವಿನ ಬೇಸರದಲ್ಲಿ. ನೋವಿನಲ್ಲಿ ಆಡಿದ ಮಾತನ್ನು ಹಿಡಿದಿಟ್ಟುಕೊಂಡವನು, ಅವ್ವ ಹೇಳಿದ ಮಾತನ್ನು ಮರೆತಿದ್ದ. ಅಪ್ಪ ಅಷ್ಟು ವರ್ಷ ಕುರಿಯ ಹಿಂದೆ ಹೋಗಿ ಬಂದನಲ್ಲ, ಅವನ ಜಾಗದಲ್ಲಿ ಯಾವ ಚಿಕ್ಕಪ್ಪನನ್ನಾದರೂ ಕೂಡಿಸಿದ್ದರೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಪ್ಪ ಕುರಿ ಮಾರಿ ರಾಯಚೂರಿಗೆ ಬರುವ ಹೊತ್ತಿಗೆ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ, ಅವನಿಗೆ ಆ ತಾಟು ಹೇಗೆ ನೆನಪಿರಬೇಕು.

ಅದಾದ ಒಂದೆರಡು ವಾರಕ್ಕೆ ಸಾಹುಕಾರರ ಫೋನು ಬಂತು. ಹೊಸಬಳ ರೊಟ್ಟಿ ದಪ್ಪ, ಯಾತ್ರಿಕರು ಗಲಾಟೆ ಮಾಡುತ್ತಾರೆ, ರಾಮೇಶ್ವರಕ್ಕೆ ಬಾ ಎಂದರು. ಕುರ್ಚಿಯಲ್ಲಿ ಕೂತಿದ್ದೆ, ಕೈಯಲ್ಲಿ ಮತ್ತೆ ಪಿಂಗಾಣಿ ಕಪ್ಪು ಇತ್ತು. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಹೋದರೆ ಅವರಿಗೆಲ್ಲ ಹಗುರವಾಗುತ್ತದೆ ಎಂದು ಆಗ ನನಗೆ ಸ್ಪಷ್ಟವಾಗಿ ತಿಳಿಯಿತು. ತಮ್ಮ ಹೇಳಿದ್ದು ಸರಿ ಎಂದಾಗುತ್ತದೆ. ಬರುವುದಿಲ್ಲ ಎಂದೆ. ಸಾಹುಕಾರರು ಕಾರಣ ಕೇಳಿದರು. ಊರಾಗ ಕೆಲಸ ಅದ್ರಿ ಎಂದೆ.

ಹೀಗೆ ನಾನು ರಾಯಚೂರಿನಲ್ಲಿ ನೆಲೆ ನಿಂತೆ. ಊರಿನ ಮೇಲಿನ ಪ್ರೀತಿಗೆ ನಿಂತೆನೆಂದು ಯಾರೂ ತಿಳಿಯಬಾರದು. ಕೆರೆಯ ಈಚೆ ದಂಡೆಯ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಮುಂದಿನ ಪಡಸಾಲೆಯಲ್ಲಿ ಒಲೆ ಹಾಕಿ ರೊಟ್ಟಿ ಮಾರಹತ್ತಿದೆ. ಹಾಸ್ಟೆಲ್ಲಿನ ಹುಡುಗಿಯರು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದ ಹಳ್ಳಿಯ ಮಂದಿ, ರೊಟ್ಟಿ ಬಡಿಯಲು ಬಾರದ ಹೊಸ ಸೊಸೆಯರು ಬರುತ್ತಾರೆ. ವ್ಯಾಪಾರ ಚೆನ್ನಾಗಿದೆ. ಬೇಸಿಗೆಯಲ್ಲಿ ಒಲೆಯ ಮುಂದೆ ಕೂತರೆ ಒಳಗೂ ಬೆಂಕಿ, ಹೊರಗೂ ಬೆಂಕಿ. ಕೆರೆಯ ಕಡೆಯ ಕಿಟಕಿಯನ್ನು ವಾಸನೆಗೆ ತೆರೆಯುವಂತಿಲ್ಲ. ಕಾಲು ಮುಟ್ಟುತ್ತಿದ್ದ ಹೆಂಗಸರು ಈಗ ರೊಟ್ಟಿ ತೆಳ್ಳಗಿಲ್ಲ ಎಂದು ಜಗಳ ಆಡುತ್ತಾರೆ. ಅಷ್ಟರಮಟ್ಟಿಗೆ ಊರು ನನ್ನನ್ನು ಒಳಗೆ ಬಿಟ್ಟುಕೊಂಡಿದೆ.

ತಮ್ಮ ಹಬ್ಬಕ್ಕೆ ಕರೆಯುತ್ತಾನೆ, ಹೋಗುತ್ತೇನೆ, ಉಂಡು ಬರುತ್ತೇನೆ. ಕೂಸಿಗೆ ಜ್ವರ ಬಂದಾಗ ನನಗೆ ಗೊತ್ತಾಗುವುದು ಜ್ವರ ಬಿಟ್ಟ ಮೇಲೆ. ನಾನು ಇದೇ ಊರಿನಲ್ಲಿ ಎರಡು ವರ್ಷದಿಂದ ಇದ್ದೇನೆ, ಒಂದು ರಾತ್ರಿಯೂ ಹೊರಗೆ ಹೋಗಿಲ್ಲ ಎಂದು ಅವನಿಗೆ ಹೇಳಬೇಕೆನಿಸುತ್ತದೆ. ಕಣ್ಣಿಗೆ ಕಾಣುವುದನ್ನು ಬಾಯಿಬಿಟ್ಟು ಏನು ಹೇಳುವುದು ಎಂದು ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ, ಹೇಳಿದರೂ ಅವನು ನಂಬಲಿಕ್ಕಿಲ್ಲ ಎಂಬ ಹೆದರಿಕೆ ನನಗೆ.

ಮೊನ್ನೆ ತಮ್ಮನ ಹೆಂಡತಿ ಮಗಳನ್ನು ಕರೆದುಕೊಂಡು ರೊಟ್ಟಿಗೆ ಬಂದಿದ್ದಳು, ಮನೆಗೆ ಯಾರೋ ಬೀಗರು ಬಂದಿದ್ದರಂತೆ. ಹುಡುಗಿಗೆ ಈಗ ಮಾತು ಚೆನ್ನಾಗಿ ಬಂದಿದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗಳು ಸ್ಕೂಟಿಯಲ್ಲಿ ಆ ಕಡೆ ಹೊರಟವಳು ಇವರನ್ನು ಕಂಡು ನಿಲ್ಲಿಸಿದಳು. ಹುಡುಗಿ “ಅತ್ತಿ” ಎಂದು ಕೂಗುತ್ತ ಓಡಿ ಅವಳ ಕಾಲಿಗೆ ತೆಕ್ಕೆ ಹಾಕಿತು. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅದು ಬೇರೆ ಯಾರಿಗಾದರೂ ಸಲ್ಲಬೇಕಿತ್ತು ಎಂದು ಅಲ್ಲಿದ್ದ ಯಾರಿಗೂ ಅನಿಸಲಿಲ್ಲ. ಚಿಕ್ಕಪ್ಪನ ಮಗಳೇ ನನ್ನ ಮುಖ ನೋಡಿ ತಡವರಿಸಿದಳು. ಹುಡುಗಿಯ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ ಕೇಳಿದಳು, “ಅಲ್ಲಿ ಯಾರ್ ಕುಂತಾರ ನೋಡು, ಯಾರವರು ಹೇಳು?”

ಹುಡುಗಿ ನನ್ನನ್ನು ನೋಡಿತು. ಒಲೆಯನ್ನು ನೋಡಿತು.

“ರೊಟ್ಟವ್ವ,” ಎಂದಿತು.

ತಮ್ಮನ ಹೆಂಡತಿಯ ಮುಖ ಕೆಂಪಾಯಿತು. “ನಾ ಕಲಿಸಿಲ್ರಿ ಅಕ್ಕಾರ, ಖರೇನ ಕಲಿಸಿಲ್ಲ, ತಾನ ಹಂಗ ಅನ್ನಾಕತ್ತಾಳ,” ಎಂದಳು. ಕಲಿಸಿರಲಿಲ್ಲ, ನನಗೂ ಗೊತ್ತು. ಕೂಸು ಕಂಡದ್ದನ್ನೇ ಹೇಳಿತ್ತು. ಅದು ಇನ್ನೊಮ್ಮೆ ಜೋರಾಗಿ, ನನಗೆ ಕೇಳಿಸಲಿಲ್ಲವೇನೋ ಎಂಬಂತೆ, ರೊಟ್ಟವ್ವಾ ಎಂದು ಕೂಗಿತು.

ನಾನು “ಓ” ಎಂದೆ.